ನಂಬಿಕೆಯೂ ಬೇಕು, ಗುಟ್ಟೂ ಉಳಿಯಬೇಕು

ಶಲವಡಿಯ ದಾರಿಯಲ್ಲಿ ಎದುರಾದ ಲಾರಿಯ ಫಲಕದಲ್ಲಿ 'ಕೆಎ 25' ಎಂದಿದ್ದರೆ ಅದು ಧಾರವಾಡದ್ದೆಂದು ಯಾರೂ ಹೇಳಬಲ್ಲರು. ಆದರೆ ವಾಹನಗಳೇ ರೇಡಿಯೋ ಮೂಲಕ ಮಾತಾಡಿಕೊಂಡರೆ? 'ಬ್ರೇಕ್ ಹಾಕಿದ್ದೇನೆ, ಎಚ್ಚರ' ಎಂಬಂಥ ಸಂದೇಶಗಳಿಗಾಗಿ ಅಮೆರಿಕ 1999ರಲ್ಲಿಯೇ ಪ್ರತ್ಯೇಕ ತರಂಗಾಂತರ ಮೀಸಲಿಟ್ಟಿತು.

ಸುಳ್ಳು ಸಂದೇಶ ಬಂದರೆ ಅಪಘಾತವಾಗಬಹುದು. ಆದ್ದರಿಂದ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು. ಸಹಿ ಒಂದೇ ಆದರೆ ಚಾಲಕ ಹೋದಲ್ಲೆಲ್ಲ ಜಾಡು ಉಳಿಯುತ್ತದೆ. ಅದಕ್ಕೆಂದೇ ತಜ್ಞರು ಆಗಾಗ ಬದಲಾಗುವ ಗುಪ್ತನಾಮದ ಪ್ರಮಾಣಪತ್ರಗಳನ್ನು ರೂಪಿಸಿದರು. ಸಂದೇಶವನ್ನು ನಂಬಬಹುದು, ಕಳಿಸಿದವರಾರೆಂದು ದಾರಿಹೋಕರಿಗೆ ತಿಳಿಯದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿತು. ಮನೆಯಲ್ಲಿರುವ ಹಕ್ಕು ದಾರಿಯಲ್ಲಿಯೂ ಬೇಡವೇ?