ಹಿರಿಯರ ನಂಬಿಕೆ, ಹರೆಯದ ಪಿಟೀಲು

ಎಪ್ಪತ್ತೈದರ ಹಿರಿಯರೊಬ್ಬರು ತಾವು ಬಹುವಾಗಿ ಪ್ರೀತಿಸಿದ ಕೃತಿಯನ್ನು ಹದಿನಾರರ ಹುಡುಗನ ಕೈಗೆ ಒಪ್ಪಿಸಿದ ಪ್ರಸಂಗವೊಂದು ಸಂಗೀತದ ಇತಿಹಾಸದಲ್ಲಿದೆ.

ಆ ಹಿರಿಯರು ಇಂಗ್ಲೆಂಡಿನ ಸರ್ ಎಡ್ವರ್ಡ್ ಎಲ್ಗಾರ್. ಪಿಯಾನೊ ಶ್ರುತಿಗೊಳಿಸುವವರ ಮಗನಾಗಿ ಹುಟ್ಟಿ, ವುಸ್ಟರ್ ನಗರದ ಸಂತ ಜಾರ್ಜರ ಕಥೋಲಿಕ ದೇವಾಲಯದಲ್ಲಿ ಆರ್ಗನ್ ನುಡಿಸುತ್ತ ಬೆಳೆದವರು. ಒಂಟಿ ಪಿಟೀಲು ವಾದ್ಯವೃಂದದೊಡನೆ ಸಂವಾದಿಸುವ ಅವರ 'ವಯೊಲಿನ್ ಕನ್ಸರ್ಟೊ' 1910ರ ನವೆಂಬರ್ 10ರಂದು ಲಂಡನ್ನಿನಲ್ಲಿ ಫ್ರಿಟ್ಸ್ ಕ್ರೈಸ್ಲರ್ ಅವರ ವಾದನದಲ್ಲಿ ಮೊದಲು ಕೇಳಿಬಂದಾಗ ಜನ ಮೆಚ್ಚಿ ಕೊಂಡಾಡಿದರು. ಆದರೆ ಮೊದಲ ಮಹಾಯುದ್ಧದ ತರುವಾಯ ಅಭಿರುಚಿ ಬದಲಾಯಿತು. 1920ರಲ್ಲಿ ಪತ್ನಿಯೂ ತೀರಿಕೊಂಡ ಮೇಲೆ ಎಲ್ಗಾರರ ಲೇಖನಿ ಬಹುಮಟ್ಟಿಗೆ ಮೌನವಾಯಿತು.

ಆ ಕೃತಿಯನ್ನು ರಚನಕಾರರ ನಿರ್ದೇಶನದಲ್ಲಿಯೇ ಧ್ವನಿಮುದ್ರಿಸಬೇಕೆಂದು ಹಂಬಲಿಸಿದವರು ಎಚ್.ಎಂ.ವಿ. ಸಂಸ್ಥೆಯ ಫ್ರೆಡ್ ಗೈಸ್ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡವರೂ ಇವರೇ. ಅವರು ಆರಿಸಿದ್ದು ನ್ಯೂಯಾರ್ಕಿನಲ್ಲಿ ಜನಿಸಿದ ಯೆಹೂದಿ ಮೆನುಹಿನ್ ಎಂಬ ಬಾಲಕನನ್ನು. ಮೊದಲ ಭೇಟಿಯಲ್ಲಿ ಎಲ್ಗಾರರು ಸ್ವಲ್ಪ ಹೊತ್ತು ಮಾತ್ರ ಕೇಳಿ, ತಮಗೆ ಯಾವ ಚಿಂತೆಯೂ ಇಲ್ಲವೆಂದು ಹೇಳಿ ಕುದುರೆ ಪಂದ್ಯಕ್ಕೆ ಹೊರಟುಬಿಟ್ಟರೆಂದು ಮೆನುಹಿನ್ ಮುಂದೆ ನೆನೆದಿದ್ದಾರೆ. ಅದು ಉದಾಸೀನವಲ್ಲ, ತುಂಬು ನಂಬಿಕೆ.

1932ರ ಜುಲೈ 14 ಮತ್ತು 15ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಲಂಡನ್ ಸಿಂಫೊನಿ ವಾದ್ಯವೃಂದ ಸೇರಿತು. ಅಂದು ನಾದವನ್ನು ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು. ಒಂದೊಂದು ಮುಖಕ್ಕೆ ನಾಲ್ಕೈದು ನಿಮಿಷ ಮಾತ್ರ ಹಿಡಿಸುತ್ತಿತ್ತು. ತಪ್ಪಿದ ಕಡೆ ಕತ್ತರಿಸಿ ಜೋಡಿಸುವ ಉಪಾಯವಿಲ್ಲ, ಆ ಭಾಗವನ್ನು ಮತ್ತೆ ಮೊದಲಿನಿಂದ ನುಡಿಸಬೇಕು. ಹೀಗೆ ಸುಮಾರು 50 ನಿಮಿಷಗಳ ಕೃತಿ ಆರು ತಟ್ಟೆಗಳಲ್ಲಿ ನೆಲೆನಿಂತಿತು. ಕೊನೆಯ ಭಾಗದಲ್ಲಿ ವಾದ್ಯವೃಂದದ ತಂತಿಗಳು ಮೆಲ್ಲನೆ ಮಿಡಿಯುತ್ತಿರಲು, ಪಿಟೀಲು ಹಿಂದಿನ ರಾಗಗಳನ್ನು ಒಂದೊಂದಾಗಿ ನೆನೆಯುವುದನ್ನು ನೀವು ಇಂದಿಗೂ ಕೇಳಬಹುದು.

1934ರ ಫೆಬ್ರವರಿ 23ರಂದು ಎಲ್ಗಾರ್ ಕಣ್ಮುಚ್ಚಿದರು. ಇನ್ನೆರಡು ವರ್ಷ ಕಾದಿದ್ದರೆ ಹುಡುಗ ಇನ್ನಷ್ಟು ಪಕ್ವವಾಗುತ್ತಿದ್ದನೇನೋ. ಆದರೆ ನಿರ್ದೇಶಿಸಲು ಎಲ್ಗಾರರೇ ಇರುತ್ತಿರಲಿಲ್ಲ. ಆ ಹುಡುಗನಾದರೋ 1963ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿಯೇ ಸಂಗೀತ ಶಾಲೆಯೊಂದನ್ನು ತೆರೆದರು. ಪಡೆದ ನಂಬಿಕೆಯನ್ನು ಅವರು ಹೀಗೆ ಮುಂದಿನವರಿಗೆ ದಾಟಿಸಿದರು.

ನಮ್ಮ ಮನೆಗಳಲ್ಲಿಯೂ ಹಿರಿಯರು ಬಲ್ಲ ಹಾಡು, ಕಸುಬು, ಕಥೆಗಳಿವೆ. 'ಮಕ್ಕಳು ಇನ್ನೂ ಚಿಕ್ಕವರು' ಎಂದು ನಾವು ಎಷ್ಟು ದಿನ ಕಾಯೋಣ?