ರಾಡ್ಯಾಗ ಹುಗಿದ ಗಾಡಿ: ಎತ್ತಿನ ಮಿಣಿಯಿಂದ ವಿಂಚಿನ ತನಕ

ಕಬ್ಬಿನ ಹಂಗಾಮು ಹತ್ತಿರ ಬಂತು. ಹೊಲ ಇನ್ನೂ ಹಸಿ ಇದ್ದಾಗನ ಟ್ರ್ಯಾಕ್ಟರ್ ಒಳಗ ಇಳಿತಾವು, ಟ್ರೇಲರ್ ಹುಗಿತಾವು, ಮೂಲ್ಯಾಗಿನ ಹಳೇ ವೈರ್‌ರೋಪ್ ಹೊರಗ ಬರತೈತಿ. ಅದಕ್ಕ ಈ ಸಲ ಬೆಳಿ ವಿಷಯ ಬಿಟ್ಟು, ಹುಗಿದ ಗಾಡಿ ಎಳಿಯೋ ಇತಿಹಾಸ ಬರದೀನಿ. ಹಗ್ಗ ಹರಿದು ಕೈಕಾಲು, ಜೀವ ಕಳಕೊಳ್ಳೋದು ಈ ಕೆಲಸದಾಗ ಹೊಸದಲ್ಲ. ಯಾಕ ಹಂಗಾಗತೈತಿ ಅನ್ನೋದು ಇತಿಹಾಸ ನೋಡಿದರ ಚಲೋ ತಿಳಿತೈತಿ.

ಮೊದಲು ನಮ್ಮ ನೆಲ. ಹಿಂಡಲಗಾದಿಂದ ಉಚಗಾವಿ ಕಡೆ ಮಾರ್ಕಂಡೇಯ ಹೊಳಿ ದಂಡಿಗೆ ಭತ್ತದ ಗದ್ದಿ. ಪೂರ್ವಕ್ಕ ಹೋದಂಗ ಎರಿ ಹೊಲ. ಪಶ್ಚಿಮಕ್ಕ ಖಾನಾಪುರ, ಜಾಂಬೋಟಿ, ಕಣಕುಂಬಿ ಅಂದರ ಕಾಡು, ಕೆಂಪು ಮಣ್ಣು, ಸುರಿಯೋ ಮಳಿ. ಗದ್ದಿ ರಾಡಿ ಗಾಲಿನ ಹೀರಿ ಹಿಡಿತೈತಿ, ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿನ ದಪ್ಪ ಮಾಡತೈತಿ. ಎರಡರಾಗೂ ಗಾಲಿ ತಿರುಗಿಸಿದಷ್ಟು ಗಾಡಿ ಕೆಳಗ ಹೋಗತೈತಿ.

ಇದೇ ನೆಲದಾಗ 1800ರ ಮಳಿಗಾಲಕ್ಕ ಒಂದು ದಂಡು ಓಡಾಡಿತ್ತು. ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಧಾರವಾಡ-ಬೆಳಗಾವಿ ಸೀಮೆಯೊಳಗ ಪಡೆ ಕಟ್ಟಿದ್ದ. ಅವನ ಬೆನ್ನು ಹತ್ತಿದವ ಆರ್ಥರ್ ವೆಲ್ಲೆಸ್ಲಿ, ಮುಂದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವ. ಜುಲೈ 30ಕ್ಕ ಮುನವಳ್ಳಿ ಹತ್ತಿರ ಮಲಪ್ರಭಾ ದಂಡಿಮ್ಯಾಲ ಧೋಂಡಿಯಾನ ಬೀಡಿನ ಮೇಲೆ ಬಿದ್ದ. ಆದರ ಹೊಳಿ ತುಂಬಿತ್ತು, ದಾಟಾಕ ದೋಣಿ ಬೇಕಾದವು, ದಿನ ಹೋದವು. ಧೋಂಡಿಯಾ ಸತ್ತದ್ದು ಸೆಪ್ಟೆಂಬರ್ 10ಕ್ಕ. ಅವತ್ತಿನ ಕಾಲದಾಗ ತೋಪು, ಮದ್ದು, ದಂಡಿನ ಅಕ್ಕಿ ಎಲ್ಲಾ ಎತ್ತಿನ ಮೇಲೆ. ಎತ್ತು ಸೋತರ ದಂಡು ನಿಂತಂಗ.

ಆ ಕೆಲಸಕ್ಕ ಹೆಸರಾದ ಎತ್ತು ಕರ್ನಾಟಕದ್ದು: ಅಮೃತಮಹಲ್. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಾಗ ಅದು ಬೆಣ್ಣೆ ಚಾವಡಿ. ಹೈದರ್ ದಂಡಿನ ಕೆಲಸಕ್ಕ ಹಚ್ಚಿದ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಸ್ಪೇನ್ ಕಡೆ ಯುದ್ಧ ಮಾಡುವಾಗ ವೆಲ್ಲಿಂಗ್ಟನ್‌ಗ ಈ ಎತ್ತು ಇಲ್ಲಲ್ಲಾ ಅಂತ ಹಳಹಳಿ ಆಗಿತ್ತಂತ ಮೈಸೂರಿನ ಹಳೇ ಬರಹದಾಗ ಐತಿ.

ಎತ್ತಿನಿಂದ ಎಳಿಸೋದರಾಗ ಒಂದು ಗುಣ ಇತ್ತು. ಚಕ್ಕಡಿ ಹುಗಿದರ ನಮ್ಮ ಹಿರಿಯರು ಮೊದಲು ಹೇರು ಇಳಿಸತಿದ್ದರು. ಗಾಲಿ ಮುಂದ ಸಲಿಕಿಲೆ ಇಳಿಜಾರು ಕಡಿದು, ಕಲ್ಲು, ಹುಲ್ಲು, ಕಟಿಗಿ ಹಾಕತಿದ್ದರು. ಆಮ್ಯಾಲ ಇನ್ನೊಂದು ಜೋಡಿ ಮುಂದ ಕಟ್ಟಿ, ಎಲ್ಲಾ ಎತ್ತು ಒಮ್ಮೆ ಭುಜ ಕೊಡೋ ಹಂಗ ದನಿ ಕೊಟ್ಟು ಎಬ್ಬಿಸತಿದ್ದರು. ಗಾಡಿ ಏಳಲಿಲ್ಲಂದರ ಎತ್ತು ನಿಲ್ಲತಿತ್ತು, ಮೊಣಕಾಲೂರತಿತ್ತು. ಅಂದರ ಬಲ ಎಲ್ಲಿಗೆ ಮುಗೀತು ಅನ್ನೋದು ಕಣ್ಣಿಗೆ ಕಾಣತಿತ್ತು. ಎಂಜಿನ್‌ಗೆ ಆ ಬುದ್ಧಿ ಇಲ್ಲ. ಅದು ಹಗ್ಗ ಹರಿಯೋ ತನಕ ಎಳಿತೈತಿ.

ಹಗ್ಗದ್ದೂ ಒಂದು ಕಥಿ ಐತಿ. ಜರ್ಮನಿಯ ಹಾರ್ಟ್ಸ್ ಗುಡ್ಡದ ಗಣಿಯೊಳಗ ಅದಿರು ಎತ್ತಾಕ ಕಬ್ಬಿಣದ ಸರಪಳಿ ಇತ್ತು. ಒಂದು ಕೊಂಡಿ ಹೋದರ ಸರಪಳಿಯೇ ಹೋತು, ಮುನ್ಸೂಚನೆ ಇಲ್ಲ. 1834ರಾಗ ಅಲ್ಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿ ಹೊಸೆದು ಹಗ್ಗ ಮಾಡಿದ. ನಾಲ್ಕು ತಂತಿಯ ಎಳಿ, ಅಂಥಾ ಮೂರು ಎಳಿ. ಒಂದು ತಂತಿ ಹರಿದರ ಉಳಿದವು ಹಿಡಿತಾವು, ಹರಿದ ತುದಿ ಮೇಲೆದ್ದು ಕಾಣತೈತಿ. ಈಗ ನಾವು ಕೈಗೆ ಚುಚ್ಚತೈತಿ ಅಂತ ಬೈಯೋ ಆ ಮುಳ್ಳೇ ಹಗ್ಗ ಕೊಡೋ ಎಚ್ಚರಿಕೆ. ಅದನ್ನ ನೋಡಿದ ಮೇಲೂ ಅದೇ ಹಗ್ಗ ಹಾಕಿದರ, ಸರಪಳಿ ಕಾಲಕ್ಕ ಹೋದಂಗ.

ಮುಂದ ಜೀಪು. ಎರಡನೇ ಮಹಾಯುದ್ಧದಾಗ ವಿಲ್ಲೀಸ್ ಮತ್ತು ಫೋರ್ಡ್ ಕೂಡಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಸ್ವಾತಂತ್ರ್ಯ ಬಂದ ಹೊಸದರಾಗ ಮಹೀಂದ್ರಾದವರು ವಿಲ್ಲೀಸ್ ಜೀಪು ಇಲ್ಲೇ ಜೋಡಿಸಾಕ ಹತ್ತಿದರು. ಹಳೇ ವಿಂಚು ಎಂಜಿನ್ ಬಲದಿಂದಲೇ ತಿರುಗತಿತ್ತು, ನಮ್ಮ ರೋಟಾವೇಟರ್ ಪಿಟಿಒದಿಂದ ತಿರುಗಿದಂಗ. ಅದರಾಗ ಒಂದು ಮೆತ್ತನ್ನ ಪಿನ್ ಇಡತಿದ್ದರು: ಬಲ ಮೀರಿದರ ಹಗ್ಗ ಹರಿಯೂಕಿಂತ ಮೊದಲು ಆ ಪಿನ್ ಮುರಿಬೇಕು. ರೋಟಾವೇಟರ್‌ನ ಶಿಯರ್ ಬೋಲ್ಟ್ ಇದ್ದಂಗ. ಪದೇಪದೇ ಮುರಿತೈತಿ ಅಂತ ಗಟ್ಟಿ ಬೋಲ್ಟ್ ಹಾಕಿದರ ಏನಾಗತೈತಿ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. 1959ರಾಗ ಅಮೆರಿಕಾದ ವಾರ್ನ್ ಕಂಪನಿ ಬ್ಯಾಟರಿ ಮೇಲೆ ನಡಿಯೋ ವಿಂಚು ತಂತು.

ಅದೇ 1959ರಾಗ ಫರೀದಾಬಾದ್‌ನಿಂದ ಐಷರ್‌ನ ಮೊದಲ ದೇಶಿ ಟ್ರ್ಯಾಕ್ಟರ್ ಹೊರಬಂತು. ಟ್ರ್ಯಾಕ್ಟರ್ ಬಂದ ಮ್ಯಾಲ ಎರಡು ಜೋಡಿ ಎತ್ತಿನ ಜಾಗಕ್ಕ ಒಂದು ಎಂಜಿನ್ ಬಂತು, ಜನ ಸಲಿಕಿ ಬಿಟ್ಟರು. ಅಪಾಯ ಶುರು ಆದದ್ದು ಅಲ್ಲೇ ಅಂತ ನನ್ನ ಅಂದಾಜು.

ಲೆಕ್ಕ ನೋಡ್ರಿ. ಅಮೆರಿಕಾದ ಸೈನ್ಯದವರು ಹುಗಿದ ವಾಹನ ತೆಗಿಯಾಕ ಒಂದು ಸರಳ ಲೆಕ್ಕ ಇಟ್ಟಾರ. ಗಾಲಿ ತನಕ ಹುಗಿದರ ವಾಹನದ ತೂಕದಷ್ಟು ಎಳೆತ ಬೇಕು. ಮಡ್‌ಗಾರ್ಡ್ ತನಕ ಹೋದರ ಎರಡು ಪಟ್ಟು. ಅದರ ಮೇಲೂ ಮುಳುಗಿದರ ಮೂರು ಪಟ್ಟು. 10 ಟನ್ ಕಬ್ಬಿನ ಟ್ರೇಲರ್ ಗಾಲಿ ತನಕ ಹುಗೀತು ಅಂದರ 10 ಟನ್ ಎಳೆತ. ಎಳಿಯೋ ಟ್ರ್ಯಾಕ್ಟರ್ ತೂಕ ಎರಡು-ಎರಡೂವರಿ ಟನ್, ಹಸಿ ನೆಲದಾಗ ಅದು ತನ್ನ ತೂಕದಷ್ಟೂ ಎಳಿಯೂದಿಲ್ಲ. ಅದಕ್ಕ ಜನ ಏನ ಮಾಡತಾರ? ಹಗ್ಗ ಸಡಿಲ ಬಿಟ್ಟು, ಓಡಿ ಬಂದು ಜರ್ಕ್ ಹೊಡಿತಾರ. ಆ ಒಂದು ಕ್ಷಣಕ್ಕ ಹಗ್ಗದ ಮೇಲೆ ಟ್ರ್ಯಾಕ್ಟರ್ ತೂಕದ ಹಲವು ಪಟ್ಟು ಬಲ ಬೀಳತೈತಿ. ಹರಿದರ ಹಗ್ಗ ಚಾಟಿ ಆಗತೈತಿ, ತುದಿಯ ಹುಕ್ಕು ಗುಂಡಾಗತೈತಿ.

ಈ ಇತಿಹಾಸದಿಂದ ನಾ ಪಾಲಿಸೋದು ಇಷ್ಟು:

1. ಮೊದಲು ಹೇರು ಇಳಸ್ರಿ, ಗಾಲಿ ಮುಂದ ಕಡೀರಿ. ಅರ್ಧ ತಾಸಿನ ಸಲಿಕಿ ಕೆಲಸ ಟನ್‌ಗಟ್ಟಲೆ ಎಳೆತ ಉಳಸತೈತಿ.

2. ಟ್ರ್ಯಾಕ್ಟರ್‌ಗೆ ಹಗ್ಗ ಕೆಳಗಿನ ಡ್ರಾಬಾರ್‌ಗೇ ಕಟ್ಟಬೇಕು. ಟಾಪ್ ಲಿಂಕಿಗೆ, ಆಕ್ಸಲ್‌ಗೆ ಬ್ಯಾಡ. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿದರ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕ ಮಗಚತೈತಿ. ಡ್ರೈವರ್‌ಗೆ ಜಿಗಿಯಾಕ ವ್ಯಾಳ್ಯಾ ಸಿಗೂದಿಲ್ಲ.

3. ಹಗ್ಗ ಬಿಗಿ ಮಾಡಿ ಸಾವಕಾಶ ಎಳೀರಿ, ಜರ್ಕ್ ಬ್ಯಾಡ. ಬಲ ಸಾಲದಿದ್ದರ ಗಡಗಡಿ ಹಾಕ್ರಿ. ಹುಗಿದ ಗಾಡಿಗೆ ಗಡಗಡಿ ಕಟ್ಟಿ, ಹಗ್ಗದ ತುದಿ ವಾಪಸ್ ತಂದು ಗಟ್ಟಿ ಆಸರಕ್ಕ ಬಿಗಿದರ, ಎಳೆತ ಹತ್ತಿರ ಹತ್ತಿರ ಎರಡು ಪಟ್ಟು ಆಗತೈತಿ. ಗಡಗಡಿ ಕಟ್ಟಿದ ಜಾಗದ ಮೇಲೂ ಎರಡು ಪಟ್ಟು ಭಾರ ಬೀಳತೈತಿ, ಅದನ್ನ ಮರಿಬ್ಯಾಡ್ರಿ.

4. ಗಿಡಕ್ಕ ಕಟ್ಟೋದಾದರ ಬುಡಕ್ಕ, ಅಗಲ ಪಟ್ಟಿಲೆ. ವೈರ್‌ರೋಪ್ ಸುತ್ತಿ ಅದರ ಹುಕ್ಕು ಅದಕ್ಕೇ ಸಿಗಿಸಿದರ ತಂತಿ ಅಲ್ಲೇ ಮುರಿತೈತಿ.

5. ವಿಂಚಿನ ಡ್ರಮ್ಮಿನ ಮೇಲೆ ಕಡಿಮಿ ಅಂದರ ಐದು ಸುತ್ತು ಇರಬೇಕು. ಕೈಗೆ ಚರ್ಮದ ಕೈಗವಸು ಹಾಕ್ರಿ.

6. ಹಗ್ಗದ ನಡುವ ಒದ್ದಿ ಗೋಣಿಚೀಲ ಹೇರ್ರಿ. ಹರಿದರ ಅದರ ಭಾರಕ್ಕ ಹಗ್ಗ ನೆಲಕ್ಕ ಬೀಳೂ ಸಂಭವ ಹೆಚ್ಚು. ಆದರ ಚೀಲ ನಂಬಿ ಹತ್ತಿರ ನಿಲ್ಲಬ್ಯಾಡ್ರಿ. ಬಿಗಿದ ಹಗ್ಗ ದಾಟಬ್ಯಾಡ್ರಿ. ನೋಡಾಕ ಬಂದವರು ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ಇರಲಿ, ಮಕ್ಕಳು ಹೊಲದ ಹೊರಗ ಇರಲಿ.

7. ಸನ್ನೆ ಮಾಡೋವ ಒಬ್ಬನ ಇರಬೇಕು. ಹತ್ತು ಮಂದಿ "ಎಳಿ, ಎಳಿ" ಅಂದರ ಡ್ರೈವರ್ ಯಾರ ಮಾತ ಕೇಳಬೇಕು?

ಕಬ್ಬು ಕಡಿಯೋ ಗ್ಯಾಂಗಿನವರು ದೂರದ ಊರಿಂದ ಬಂದಿರತಾರ, ಹುಗಿದ ಟ್ರೇಲರ್ ಸುತ್ತ ಮೊದಲು ಕೂಡೋದು ಅವರು ಮತ್ತು ಅವರ ಹುಡುಗರು. ಅವರನ್ನ ದೂರ ನಿಲ್ಲಸೋದು ಹೊಲದ ಯಜಮಾನನ ಕೆಲಸ. ಕಾರ್ಖಾನಿಗೆ ಒಂದು ಖೇಪ್ ತಡ ಆದರ ತೂಕ ಸ್ವಲ್ಪ ಕಡಿಮಿ ಬರಬಹುದು, ಅಷ್ಟೇ. ನಿಮ್ಮ ಮನ್ಯಾಗ ಹಿರಿಯರು ಚಕ್ಕಡಿ ಹೆಂಗ ಎಬ್ಬಸತಿದ್ದರು ಅನ್ನೋದು ಗೊತ್ತಿದ್ದರ ಕೆಳಗ ಬರೀರಿ. ಸಲಿಕಿ ಎಲ್ಲಿ ಹಾಕಬೇಕು ಅನ್ನೋದು ಅವರಿಗೆ ನಮಗಿಂತ ಚಲೋ ಗೊತ್ತಿತ್ತು.