ಅಡಿಗೆಮನೆಯ ಕೆಂಪು, ಅನುರಾಗದ ಕೆಂಪು

ಶ್ರಾದ್ಧದ ದಿನ ನಮ್ಮ ಅನೇಕ ಮನೆಗಳ ಅಡಿಗೆಯ ಬಣ್ಣವೇ ಬದಲಾಗುತ್ತದೆ. ಅಂದು ಸಾರಿಗಾಗಲಿ ಪಲ್ಯಕ್ಕಾಗಲಿ ಮೆಣಸಿನಕಾಯಿ ಬೀಳುವುದಿಲ್ಲ, ಖಾರವೆಲ್ಲ ಕರಿಮೆಣಸಿನದು. ಎಲೆಯ ಮೇಲೆ ಬಿಳುಪು, ಹಳದಿ, ಹಸಿರು, ಕಂದು ಎಲ್ಲವೂ ಇರುತ್ತವೆ. ಕೆಂಪು ಮಾತ್ರ ಕಾಣುವುದಿಲ್ಲ. ಕಾರಣ ಕೇಳಿದರೆ ‘ಪಿತೃಗಳಿಗೆ ಆಗದು’ ಎಂದು ಹಿರಿಯರು ಉತ್ತರ ಕೊಡುತ್ತಾರೆ. ಉತ್ತರವೇನೋ ಸರಿಯೇ. ಆದರೆ ಚರಿತ್ರೆಯನ್ನು ನೋಡಿದವನಿಗೆ ಅದು ಬೇರೊಂದು ರೀತಿಯಲ್ಲಿ ಕೇಳಿಸುತ್ತದೆ: ಪಿತೃಗಳಿಗೆ ಆ ಪದಾರ್ಥದ ಪರಿಚಯವೇ ಇರಲಿಲ್ಲ. 500 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಬದುಕಿದ್ದವರು, ರಾಜನಾಗಲಿ ರೈತನಾಗಲಿ, ಮೆಣಸಿನಕಾಯಿಯನ್ನು ಕಣ್ಣಿನಿಂದ ಕಂಡವರಲ್ಲ. ನಾವು ಅನಾದಿಯೆಂದು ನಂಬಿಕೊಂಡಿರುವ ಅಡಿಗೆಯ ಕೆಂಪು ನಿನ್ನೆ ಮೊನ್ನೆ ಬಂದ ನೆಂಟ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಅರಸನ ಊಟಕ್ಕೆ ಏನೇನು ಬೇಕು, ಹೇಗೆ ಬೇಯಿಸಬೇಕು, ಯಾವುದಕ್ಕೆ ಇಂಗು, ಯಾವುದಕ್ಕೆ ಜೀರಿಗೆ ಎಂಬುದನ್ನೆಲ್ಲ ಚಕ್ರವರ್ತಿ ಆಸಕ್ತಿಯಿಂದ ಹೇಳುತ್ತಾನೆ. ಖಾರದ ಮಾತು ಬಂದರೆ ಅವನ ಕೈ ಹೋಗುವುದು ಕರಿಮೆಣಸಿನ ಕಡೆಗೆ. ನಮ್ಮ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿಯೂ ಅಷ್ಟೆ. ಇತ್ತ ಉತ್ತರದಲ್ಲಿ 1590ರ ಸುಮಾರಿನ ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ಬಾದಶಹನ ಪಾಕಶಾಲೆಯ ಪಟ್ಟಿಗಳನ್ನು ಕೊಡುವಾಗಲೂ ಮೆಣಸಿನಕಾಯಿಯ ಸುಳಿವಿಲ್ಲ.

ಮೆಣಸಿನಕಾಯಿಯ ತವರು ಅಮೆರಿಕ. 1492ರಲ್ಲಿ ಕೊಲಂಬಸ್ ಹೊರಟದ್ದು ಭಾರತದ ಮೆಣಸನ್ನೂ ಸಂಬಾರಗಳನ್ನೂ ಹುಡುಕಿಕೊಂಡು. ಅವನಿಗೆ ಸಿಕ್ಕಿದ್ದು ಬೇರೆಯ ನೆಲ, ಬೇರೆಯ ಖಾರ. ಸಿಕ್ಕಿದ್ದನ್ನೇ ಅವನು ಮೆಣಸೆಂದು ಕರೆದ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಯ ಕಡೆಗೆ ಬಂದರು, 1500ರಲ್ಲಿ ಬ್ರೆಜಿಲನ್ನು ಮುಟ್ಟಿದರು, 1510ರಲ್ಲಿ ಗೋವೆಯನ್ನು ಹಿಡಿದರು. ಈ ಮೂರು ತೀರಗಳ ನಡುವೆ ಓಡಾಡಿದ ಹಡಗುಗಳಲ್ಲಿ ಆ ಕಾಯಿಯ ಬೀಜವೂ ಬಂದಿಳಿಯಿತು. ಯಾರು ತಂದರು, ಯಾವ ದಿನ ಬಿತ್ತಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹಿತ್ತಲಿಗೆ ಬಂದ ಗಿಡಕ್ಕೆ ಶಾಸನ ಹಾಕಿಸುವವರುಂಟೆ!

ಶಾಸನವಿಲ್ಲದಿದ್ದರೂ ಭಾಷೆ ಲೆಕ್ಕ ಇಟ್ಟುಕೊಂಡಿದೆ. ಕನ್ನಡದಲ್ಲಿ ‘ಮೆಣಸು’ ಎಂದರೆ ಮೊದಲು ಬಳ್ಳಿಯ ಮೆಣಸೊಂದೇ. ಹೊಸದು ಬಂದಾಗ ಅದು ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ‘ಮೆಣಸಿನಕಾಯಿ’. ತಮಿಳಿನಲ್ಲಿ ಮಿಳಗು, ಮಿಳಗಾಯ್ ಎಂಬ ಜೋಡಿಯೂ ಇದೇ ದಾರಿಯದು. ಮಲಯಾಳದವರು ಇನ್ನೂ ನೇರ. ಅವರಲ್ಲಿ ಅದಕ್ಕೆ ‘ಕಪ್ಪಲ್ ಮುಳಗು’, ಅಂದರೆ ಹಡಗಿನ ಮೆಣಸು, ಎಂಬ ಹೆಸರೂ ಉಂಟು. ಕೊನೆಗೆ ನೆಂಟನ ಸಡಗರದಲ್ಲಿ ಮನೆಯ ಯಜಮಾನನೇ ತನ್ನ ಗುರುತು ಹೇಳಿಕೊಳ್ಳಬೇಕಾಯಿತು: ಬರಿಯ ಮೆಣಸಾಗಿದ್ದದ್ದು ಕರಿಮೆಣಸು, ಕಾಳುಮೆಣಸು ಆಯಿತು. ದಕ್ಷಿಣ ಕನ್ನಡದವರು ಮಾತ್ರ ಹಳೆಯ ಪಕ್ಷಪಾತವನ್ನು ಬಿಟ್ಟಿಲ್ಲ. ಅದನ್ನು ‘ಒಳ್ಳೆಮೆಣಸು’ ಎನ್ನುತ್ತಾರೆ. ತುಳುವಿನ ‘ಎಡ್ಡೆ ಮುಂಚಿ’ಯ ಅರ್ಥವೂ ಅದೇ. ಹಾಗಾದರೆ ಇನ್ನೊಂದು ಕೆಟ್ಟದ್ದೇ ಎಂದು ಯಾರೂ ಕೇಳಿದಂತಿಲ್ಲ!

ಪುರಂದರದಾಸರ ಹೆಸರಿನಲ್ಲಿರುವ ಮೆಣಸಿನಕಾಯಿಯ ಹಾಡೊಂದನ್ನು ಆಹಾರದ ಚರಿತ್ರೆ ಬರೆದ ಕೆ. ಟಿ. ಅಚ್ಚಯ ಅವರು ಉದಾಹರಿಸಿದ್ದಾರೆ. ದಾಸರು ಕಾಲವಾದದ್ದು 1564ರಲ್ಲಿ ಎನ್ನುತ್ತಾರೆ. ದಾಸರ ಅಂಕಿತದಲ್ಲಿ ಅನ್ಯರ ಹಾಡುಗಳೂ ಸೇರಿಕೊಂಡಿರುವುದರಿಂದ ಅದೊಂದನ್ನೇ ಸಾಕ್ಷಿಯಾಗಿ ಹಿಡಿಯಲು ನನಗೆ ಧೈರ್ಯ ಸಾಲದು. ಆದರೆ ಆ ಕಾಯಿ ಬಡವನಿಗೆ ಆಸರೆಯೆಂಬ ಅದರ ಭಾವ ಚರಿತ್ರೆಗೆ ಒಪ್ಪುವಂಥದು. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಲ ಕೊಡಲು ವರ್ಷಗಳು ಬೇಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಆ ಸರಕಿನ ಬೆಲೆಯಿಂದಲೇ. ಮೆಣಸಿನಕಾಯಿಗಾದರೋ ಬಯಲುಸೀಮೆಯ ಹಿತ್ತಲು ಸಾಕು, ಒಂದೇ ಬೆಳೆಗಾಲ ಸಾಕು. ರಾಣಿಯರ ಸರಕಾಗಿದ್ದ ಖಾರ ಹೀಗೆ ರೊಟ್ಟಿಯ ಪಕ್ಕಕ್ಕೆ ಬಂದು ಕುಳಿತಿತು.

ಅಡಿಗೆಯಲ್ಲಿ ಕೆಂಪು ಇಷ್ಟು ಹೊಸದಾದರೆ ಬಾಳಿನಲ್ಲಿ ಅದು ಬಲು ಹಳೆಯದು. ಸಂಸ್ಕೃತದ ‘ರಂಜ್’ ಧಾತುವಿಗೆ ಬಣ್ಣವೇರು, ಕೆಂಪಾಗು ಎಂದೂ, ಮೆಚ್ಚು, ಮರುಳಾಗು ಎಂದೂ ಅರ್ಥ. ಅದರಿಂದ ಬಂದ ‘ರಾಗ’ ಬಣ್ಣವೂ ಹೌದು, ಪ್ರೀತಿಯೂ ಹೌದು. ಅನುರಾಗವೆಂದರೆ ಮನಸ್ಸಿಗೆ ಹತ್ತಿದ ಬಣ್ಣ, ವಿರಾಗವೆಂದರೆ ಬಣ್ಣ ಬಿಟ್ಟ ಮನಸ್ಸು. ನಮ್ಮ ರಾಗಿಯ ಹೆಸರನ್ನೂ ಈ ರಾಗದಿಂದಲೇ ಸಾಧಿಸುವವರಿದ್ದಾರೆ. ಕನಕದಾಸರನ್ನು ಕೇಳಿದರೆ, ‘ರಾಮಧಾನ್ಯ ಚರಿತೆ’ಯ ಪ್ರಕಾರ, ಅದು ರಾಘವನೇ ಕೊಟ್ಟ ಹೆಸರು. ಇದರಲ್ಲಿ ಮಾತ್ರ ನನ್ನ ಮತ ಕನಕದಾಸರಿಗೆ.

ಆದರೆ ಕೆಂಪು ಪ್ರೀತಿಯೊಂದಕ್ಕೇ ಮೀಸಲಾಗಿತ್ತೆಂದು ತಿಳಿಯಬಾರದು. ಭರತನ ನಾಟ್ಯಶಾಸ್ತ್ರದಲ್ಲಿ ರಸಗಳಿಗೆ ಬಣ್ಣ ಹಂಚುವಾಗ ಶೃಂಗಾರಕ್ಕೆ ಸಿಕ್ಕಿದ್ದು ಶ್ಯಾಮವರ್ಣ. ಕೆಂಪು ಹೋದದ್ದು ರೌದ್ರಕ್ಕೆ. ಮುಂದೆ ಕವಿಸಮಯವೆಂಬ ಸಂಪ್ರದಾಯದಲ್ಲಿ ಕ್ರೋಧಕ್ಕೂ ಅನುರಾಗಕ್ಕೂ ಒಂದೇ ಕೆಂಪನ್ನು ಹಚ್ಚಿ ಕವಿಗಳು ವ್ಯಾಜ್ಯ ತೀರಿಸಿಕೊಂಡರು. ಕನ್ನಡವೂ ಹಾಗೆಯೇ: ಕೆಂದುಟಿ ನಲ್ಲೆಯದು, ಕಿಸುಗಣ್ಣು ಕೋಪದ್ದು. ಎರಡು ಮಾತಿನಲ್ಲಿಯೂ ಇರುವುದು ಅದೇ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪು ಪಟ್ಟಣ.

ಈ ಪ್ರೀತಿಯ ಬಣ್ಣದ ಬಗೆಗೆ 14ನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹೇಳುವ ಮಾತು ನನಗೆ ಬಹಳ ಪ್ರಿಯವಾದದ್ದು. ಅವನು ಬಣ್ಣಗಾರನ ಕಣ್ಣಿನಿಂದ ಅನುರಾಗವನ್ನು ಮೂರು ವಿಧವಾಗಿ ವಿಂಗಡಿಸುತ್ತಾನೆ. ನೀಲಿಯ ರಾಗ ಹೆಚ್ಚು ಹೊಳೆಯುವುದಿಲ್ಲ, ಆದರೆ ಬಿಡುವುದೂ ಇಲ್ಲ, ರಾಮಸೀತೆಯರದು ಅಂಥದು. ಕುಸುಂಭದ ರಾಗ ಝಗ್ಗನೆ ಹೊಳೆಯುತ್ತದೆ, ಆದರೆ ಹೊರಟುಹೋಗುತ್ತದೆ. ಮಂಜಿಷ್ಠದ ರಾಗ ಹೊಳೆಯುತ್ತದೆ, ಹೋಗುವುದೂ ಇಲ್ಲ. ಬಟ್ಟೆ ಒಗೆದು ನೋಡಿದವರಿಗಲ್ಲದೆ ಈ ಲಕ್ಷಣ ಹೊಳೆಯುವಂಥದಲ್ಲ. ಕುಸುಂಭವೆಂದರೆ ನಮ್ಮ ಕುಸುಬೆ. ಅದರ ಎಸಳಿನಲ್ಲಿರುವ ಹಳದಿಯನ್ನು ಮೊದಲು ನೀರಿನಲ್ಲಿ ತೊಳೆದು ಕಳೆಯಬೇಕು. ಅನಂತರ ಕ್ಷಾರದ ನೀರಿನಲ್ಲಿ ಕೆಂಪನ್ನು ಬಿಡಿಸಿ, ಹುಳಿ ಬೆರೆಸಿ ಬಟ್ಟೆಗೆ ಹಿಡಿಸಬೇಕು. ಇಷ್ಟು ಮಾಡಿದರೂ ನಾಲ್ಕು ಬಿಸಿಲು, ನಾಲ್ಕು ಒಗೆತಕ್ಕೆ ಅದು ಮಾಸುತ್ತದೆ. ಮಂಜಿಷ್ಠವಾದರೋ ಬೇರಿನ ಬಣ್ಣ. ಪಟಿಕದ ಸಹಾಯದಿಂದ ನೂಲನ್ನು ಕಚ್ಚಿಕೊಂಡರೆ ನೂಲು ಹರಿಯುವವರೆಗೆ ಇರುತ್ತದೆ.

ಹಣೆಯ ಕೆಂಪಿಗೂ ಒಂದು ಚರಿತ್ರೆಯಿದೆ. ‘ಕುಂಕುಮ’ ಎಂದರೆ ಸಂಸ್ಕೃತದಲ್ಲಿ ಕೇಸರಿ. ಅಮರಕೋಶದಲ್ಲಿ ಅದಕ್ಕೆ ಕಾಶ್ಮೀರಜನ್ಮ, ಅಗ್ನಿಶಿಖ ಮೊದಲಾದ ಪರ್ಯಾಯಗಳಿವೆ. ಕಾವ್ಯಗಳ ನಾಯಿಕೆಯರು ಲೇಪಿಸಿಕೊಂಡ ಕುಂಕುಮ ಆ ಹೂವಿನ ಎಳೆಯದು. ಕಾಶ್ಮೀರದಿಂದ ಬರಬೇಕು, ಹೊನ್ನಿನ ತೂಕಕ್ಕೆ ಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ಆ ಹೆಸರು ಬೇಕಾಗಿತ್ತು, ಬೆಲೆ ಎಟುಕುವಂತಿರಲಿಲ್ಲ. ಅರಿಶಿನಕ್ಕೆ ಸುಣ್ಣವನ್ನೋ, ಬಿಳಿಗಾರ ಮತ್ತು ನಿಂಬೆಯ ರಸವನ್ನೋ ಸೇರಿಸಿದರೆ ಕಡುಗೆಂಪು ಹುಟ್ಟುತ್ತದೆ. ಕ್ಷಾರ ತಾಕಿದರೆ ಅರಿಶಿನದ ಹಳದಿ ಕೆಂಪಿಗೆ ತಿರುಗುವುದು ಅದರ ಗುಣ. ಕುಂಕುಮವೆಂಬ ಮಾತು ಕೇಸರಿಯನ್ನು ಬಿಟ್ಟು ಈ ಪುಡಿಗೆ ಅಂಟಿಕೊಂಡಿತು, ಮೆಣಸೆಂಬ ಮಾತು ಹೊಸ ಕಾಯಿಗೆ ಅಂಟಿಕೊಂಡ ಹಾಗೆ. ಮದುವೆಯ ಹಸೆಯಲ್ಲಿ ಎತ್ತುವ ಕೆಂಪು ಆರತಿಯ ನೀರೂ ಅರಿಶಿನ ಸುಣ್ಣವೇ. ತಾಂಬೂಲದಲ್ಲಿಯೂ ಸುಣ್ಣದ್ದೇ ಕೆಲಸ: ಎಲೆ ಹಸಿರು, ಅಡಿಕೆ ಕಂದು, ಸುಣ್ಣ ಬಿಳುಪು, ಜಗಿದರೆ ತುಟಿ ಕೆಂಪು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ತಾಂಬೂಲವನ್ನು ಬಾಯ್ತುಂಬ ಹೊಗಳಿ, ಅರಸನ ಅಂತಃಪುರ ಅಷ್ಟು ದೊಡ್ಡದಾಗಿರುವುದು ಈ ಎಲೆಯ ಮಹಿಮೆಯಿಂದಲೇ ಇರಬೇಕೆಂದು ಊಹಿಸಿದ್ದಾನೆ. ರಾಯಭಾರಿಗಳು ಎಲ್ಲವನ್ನೂ ಗಮನಿಸುತ್ತಾರೆ.

ಹೀಗೆ ಹಣೆ, ತುಟಿ, ಸೀರೆ, ಆರತಿ ಎಲ್ಲ ಕಡೆ ಸ್ಥಳ ಹಿಡಿದಿದ್ದ ಹಳೆಯ ಕೆಂಪುಗಳ ನಡುವೆ ಬಂದದ್ದು ಮೆಣಸಿನಕಾಯಿ. ಅದು ಸಾರಿಗೆ ಬಿದ್ದು ಸುಮ್ಮನಾಗಲಿಲ್ಲ. ಮಗುವಿಗೆ ದೃಷ್ಟಿಯಾಗಿದೆಯೆಂದು ಅಜ್ಜಿ ನಿವಾಳಿಸಿ ಒಲೆಗೆ ಹಾಕುವ ಉಪ್ಪು ಸಾಸಿವೆಗಳ ಜೊತೆಗೆ ಒಣಮೆಣಸಿನಕಾಯಿಯೂ ಸೇರಿತು. ಘಾಟು ಬಾರದಿದ್ದರೆ ದೃಷ್ಟಿ ದೊಡ್ಡದೆಂದು ಲೆಕ್ಕ. ಪಿತೃಗಳ ಎಲೆಗೆ ಇನ್ನೂ ಬಾರದ ವಸ್ತು ಮೊಮ್ಮಕ್ಕಳ ರಕ್ಷೆಗೆ ಒದಗಿತು. ಉತ್ತರ ಕರ್ನಾಟಕದಲ್ಲಿ ಹಣ್ಣಾದ ಹಸಿ ಮೆಣಸಿನಕಾಯಿ ಅರೆದು ಮಾಡುವ ಕೆಂಪು ಚಟ್ನಿಗೆ ‘ರಂಜಕ’ವೆಂದು ಹೆಸರು. ರಂಜಿಸುವುದು ರಂಜಕ, ಅನುರಾಗದ್ದೇ ಧಾತು. ಹಿಂದುಸ್ತಾನಿಯಲ್ಲಿ ಬಂದೂಕಿನ ಕಿವಿಗೆ ತುಂಬುವ ಮದ್ದಿಗೂ ರಂಜಕವೆನ್ನುತ್ತಿದ್ದರು. ಚಟ್ನಿಗೆ ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಯಾವುದೆಂಬುದನ್ನು ತಿಂದವರು ನಿರ್ಧರಿಸಬೇಕು.

ಮೆಣಸಿನಕಾಯಿಯಲ್ಲಿ ಬಣ್ಣವೇ ಬೇರೆ, ಖಾರವೇ ಬೇರೆ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂದಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಕಾಯಿಯ ಹೆಚ್ಚಳ ಇದೇ. ಮೈಯೆಲ್ಲ ಸುಕ್ಕು, ಬಣ್ಣ ಗಾಢ, ಖಾರ ಮಿತ. ಕಡ್ಡಿ, ಡಬ್ಬಿ ಎಂದು ಅದರಲ್ಲಿ ಎರಡು ಬಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಉಡುಪಿ ಮಂಗಳೂರುಗಳ ಮಸಾಲೆಗೆ ಆ ಬಣ್ಣ ಬೇಕೇ ಬೇಕು. ಆದರೆ ಬ್ಯಾಡಗಿಗೆ ಬರುವ ಕಾಯಿಯೆಲ್ಲ ಅಡಿಗೆಮನೆಗೆ ಹೋಗುವುದಿಲ್ಲ. ಕಾರ್ಖಾನೆಗಳಲ್ಲಿ ಅದರಿಂದ ಬಣ್ಣದ ಅಂಟೆಣ್ಣೆಯನ್ನು ತೆಗೆಯುತ್ತಾರೆ. ತಿಂಡಿತಿನಿಸುಗಳಿಗಷ್ಟೇ ಅಲ್ಲ, ಉಗುರುಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಅದನ್ನು ಬಳಸುತ್ತಾರೆ. ಬಾಯಿ ಉರಿಸಲು ಬಂದದ್ದು ಕೊನೆಗೆ ತುಟಿಯ ಮೇಲಕ್ಕೂ ಏರಿತು.

ಬೆಲೆಯುಳ್ಳ ಕೆಂಪಿಗೆ ಕಳ್ಳ ಕೆಂಪು ಬೆನ್ನು ಹತ್ತುವುದು ಸಹಜ. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್ ಎಂಬ ರಾಸಾಯನಿಕ ಬಣ್ಣ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಎಣ್ಣೆ, ಮೇಣಗಳಿಗೆ ಹಾಕುವ ಆ ಬಣ್ಣವನ್ನು ಯಾರೋ ಊಟಕ್ಕೆ ಹಾಕಿದ್ದರು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ಇದೇ ಕಾರಣಕ್ಕೆ ಹಿಂದಕ್ಕೆ ಪಡೆಯಬೇಕಾಯಿತು. ನಮ್ಮಲ್ಲಿಯೂ 2024ರ ಮಾರ್ಚ್ ತಿಂಗಳಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ, ಬೊಂಬಾಯಿ ಮಿಠಾಯಿಗೆ ಬಟ್ಟೆಗೆ ಹಾಕುವ ರೋಡಮೀನ್ ಬಣ್ಣವನ್ನೂ ಬೆರೆಸಬಾರದೆಂದು ರಾಜ್ಯ ಸರ್ಕಾರ ಆಜ್ಞೆ ಮಾಡಿತು. ಅದೇ ತಿಂಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಬೆಂಕಿಗೆ ಆಹುತಿಯಾದವು. ಪಟ್ಟಣದ ಬೀದಿಯಲ್ಲಿ ತಟ್ಟೆಗೆ ಸುರಿಯುತ್ತಿದ್ದದ್ದು ಡಬ್ಬಿಯ ಬಣ್ಣ. ಹೊಲದ ಕೆಂಪನ್ನು ಚೀಲ ಚೀಲ ಹೊತ್ತು ತಂದವನಿಗೆ ಬೆಲೆಯಿಲ್ಲ. ಭರತಮುನಿ ಕೆಂಪನ್ನು ರೌದ್ರಕ್ಕೆ ಕೊಟ್ಟದ್ದರಲ್ಲಿ ಅರ್ಥವಿತ್ತೆಂದು ಆ ದಿನಗಳ ಪತ್ರಿಕೆಯ ಚಿತ್ರಗಳನ್ನು ನೋಡಿದಾಗ ನನಗನ್ನಿಸಿತು.

ವಿಶ್ವನಾಥನ ಕುಸುಂಭ ಏನಾಯಿತು? 1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಯೂರೋಪಿನ ದಾಯಾದಿ ಗಿಡದ ಬೇರಿನಲ್ಲಿರುವ ಕೆಂಪನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಅಲ್ಲಿಂದಾಚೆಗೆ ಗಿಡದ ಬಣ್ಣಗಳು ಒಂದೊಂದಾಗಿ ಅಂಗಡಿಯಿಂದ ಇಳಿದವು, ಕುಸುಬೆಯ ಬಣ್ಣವೂ ಇಳಿಯಿತು. ಗಿಡ ಮಾತ್ರ ಹೋಗಲಿಲ್ಲ. ವಿಜಯಪುರ, ಬಾಗಲಕೋಟೆ, ಗದಗಗಳ ಎರೆಹೊಲದಲ್ಲಿ ಅದು ಇಂದಿಗೂ ಬೆಳೆಯುತ್ತದೆ. ಒಂದು ಕಾಲಕ್ಕೆ ಸೀರೆಗೆ ಕೆಂಪು ಕೊಟ್ಟ ಹೂವು ಹೊಲದಲ್ಲಿಯೇ ಒಣಗುತ್ತದೆ. ಬೀಜ ಗಾಣಕ್ಕೆ ಹೋಗುತ್ತದೆ. ರೊಟ್ಟಿಯ ಜೊತೆಗೆ ಖಾರದ ಪುಡಿಯನ್ನು ಕಲಸಿಕೊಳ್ಳಲು ಆ ಸೀಮೆಯವರು ಅದರ ಎಣ್ಣೆಯನ್ನೇ ಕೇಳುತ್ತಾರೆ.